ಕೂದಲು, ಸಮವಸ್ತ್ರ, ಓಲೆ: ಶಾಲೆಯ ಅಧಿಕಾರ ಎಲ್ಲಿಯವರೆಗೆ?

ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಈ ಅಂಕಣಕ್ಕೆ ಕೂದಲು, ಜಡೆ, ಶೂ, ಓಲೆಗಳ ಪತ್ರಗಳು ಬರತೊಡಗುತ್ತವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಮತ್ತು ಶಾಲೆಗಳ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ. ಕೂದಲು ಉದ್ದವಿದೆ ಎಂದು ಪಿ.ಟಿ. ಮೇಷ್ಟ್ರು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಲ್ಲಿಸಿ ಮುಂದಲೆಯಲ್ಲಿ ಎರಡು ಕಡೆ ಕತ್ತರಿ ಆಡಿಸಿದ್ದಾರೆ. ಅವನು ಅಂದಿನಿಂದ ಶಾಲೆಗೆ ಹೋಗಲೊಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿದರೆ "ಡೈರಿಯಲ್ಲಿ ನಿಯಮ ಇದೆ, ನೀವೇ ಸಹಿ ಹಾಕಿದ್ದೀರಿ" ಎನ್ನುತ್ತಾರೆ.
— ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ನೀವು ಸಹಿ ಹಾಕಿದ್ದು ಕೂದಲು ಚಿಕ್ಕದಾಗಿರಬೇಕು ಎಂಬ ನಿಯಮಕ್ಕೆ. ಮೇಷ್ಟ್ರು ಮಗುವಿನ ತಲೆಗೆ ಕತ್ತರಿ ಹಾಕಬಹುದು ಎಂಬುದಕ್ಕಲ್ಲ. ಹಾಗೆಂದು ಡೈರಿಯಲ್ಲಿ ಅಚ್ಚು ಹಾಕಿಸಿದ್ದರೂ ಅದು ನಿಲ್ಲುವುದಿಲ್ಲ. ಕಾನೂನು ಕೂಡದು ಎಂದದ್ದನ್ನು ಪೋಷಕರ ಸಹಿ ಸರಿ ಮಾಡಲಾರದು.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮುರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗಬೇಕು. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ನಿಮ್ಮ ಮಗ ಅದರೊಳಗೆ ಬರುತ್ತಾನೆ ಎಂದುಕೊಳ್ಳುತ್ತೇವೆ. 14 ದಾಟಿದ್ದರೂ ಬಾಲ ನ್ಯಾಯ ಕಾಯ್ದೆ 2015ರ 75ನೇ ಕಲಂ 18 ವರ್ಷದವರೆಗೆ ಅನ್ವಯಿಸುತ್ತದೆ. ತನ್ನ ಸುಪರ್ದಿಯಲ್ಲಿರುವ ಮಗುವಿಗೆ ವಿನಾಕಾರಣ ಮಾನಸಿಕ ಅಥವಾ ದೈಹಿಕ ನೋವು ಕೊಟ್ಟರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಬಾಲ ನ್ಯಾಯ ಕಾಯ್ದೆಯಿಂದ ಯಾವ ಶಾಲೆಗೂ ವಿನಾಯಿತಿ ಇಲ್ಲ. ಅವಮಾನ ಮಾಡಬೇಕೆಂದೇ ಮೈಮೇಲೆ ಬಲ ಪ್ರಯೋಗಿಸುವುದು ಭಾರತೀಯ ನ್ಯಾಯ ಸಂಹಿತೆಯ 133ನೇ ಕಲಂನಲ್ಲಿ ಬೇರೆಯದೇ ಅಪರಾಧ. ಪೋಷಕರು ದೂರಿನಲ್ಲಿ ಮಾಡುವ ಒಂದು ತಪ್ಪನ್ನು ಇಲ್ಲಿಯೇ ಹೇಳಬೇಕು: ಬಾಲ ನ್ಯಾಯ ಕಾಯ್ದೆಯ 82ನೇ ಕಲಂ ಬರೆಯುತ್ತಾರೆ. ಅದು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ, ಅಂದರೆ ಬಾಲಮಂದಿರದಂಥ ಕಡೆ ಆಗುವ ದೈಹಿಕ ಶಿಕ್ಷೆಗೆ ಸಂಬಂಧಿಸಿದ್ದು, ಸಾಮಾನ್ಯ ಶಾಲೆಗಲ್ಲ. ಕಲಂ ತಪ್ಪಾದರೆ ಎದುರಿನವರು ಅದನ್ನೇ ಹಿಡಿದು ದೂರನ್ನು ಸಡಿಲ ಮಾಡುತ್ತಾರೆ. ಗೊತ್ತಿಲ್ಲದಿದ್ದರೆ ಕಲಂ ಬರೆಯಲೇಬೇಡಿ, ನಡೆದದ್ದನ್ನು ಬರೆಯಿರಿ ಸಾಕು.

ಈಗ ಮಾಡಬೇಕಾದ್ದು. ಕೂದಲು ಸರಿ ಮಾಡಿಸುವ ಮುಂಚೆ ಮುಂದಿನಿಂದ, ಎರಡೂ ಬದಿಯಿಂದ, ಹಿಂದಿನಿಂದ ಹಗಲು ಬೆಳಕಲ್ಲಿ ಫೋಟೊ ತೆಗೆದಿಡಿ. ನೆತ್ತಿಗೋ ಕಿವಿಗೋ ಗಾಯವಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂಬುದನ್ನು ಚೀಟಿಯಲ್ಲಿ ಬರೆಸಿ. ಮಗ ಹೇಳಿದ್ದನ್ನು ಅವನದೇ ಮಾತಿನಲ್ಲಿ, ದಿನಾಂಕ, ಹೊತ್ತು, ಯಾರು ಯಾರು ಹತ್ತಿರ ನಿಂತಿದ್ದರು ಎಂಬುದರ ಸಮೇತ ಅಂದೇ ಬರೆದುಕೊಳ್ಳಿ. ಪದೇ ಪದೇ ಕೇಳಿ ಅವನನ್ನು ಬಳಲಿಸಬೇಡಿ. ಅಂಗಳದಲ್ಲಿ ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಉಳಿಸಿಡುವಂತೆ ಮೊದಲ ಪತ್ರದಲ್ಲೇ ಕೇಳಿ. ಹೆಚ್ಚಿನ ಯಂತ್ರಗಳಲ್ಲಿ ಕೆಲವು ವಾರಕ್ಕೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಪತ್ರ ಮೊದಲು ಮುಖ್ಯೋಪಾಧ್ಯಾಯರಿಗೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಏನಾಗಬೇಕೆಂದು ಸ್ಪಷ್ಟವಾಗಿ ಬರೆಯಿರಿ: ಲಿಖಿತ ವಿವರಣೆ, ಆ ಶಿಕ್ಷಕರ ಮೇಲೆ ಕ್ರಮ, ಮುಂದೆ ಹೀಗಾಗದೆಂಬ ಭರವಸೆ, ಮಗು ಶಾಲೆಗೆ ಬಾರದ ದಿನಗಳ ಪಾಠ ಮತ್ತು ಹಾಜರಿ ಸರಿಮಾಡಿಕೊಡುವುದು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಪ್ರತಿ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ನೇರವಾಗಿಯೂ ಬರೆಯಬಹುದು. ತಕ್ಷಣದ ನೆರವಿಗೆ ಮಕ್ಕಳ ಸಹಾಯವಾಣಿ 1098. ಪೊಲೀಸ್ ಠಾಣೆಗೆ ಹೋಗುವುದಾದರೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ; ಪ್ರತಿ ಠಾಣೆಯಲ್ಲೂ ಒಬ್ಬರನ್ನು ನೇಮಿಸಿರಬೇಕು.

ಆದರೆ ಫೋಟೊವನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ನೊಂದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಅದಕ್ಕಿಂತ ಮುಖ್ಯ, ಪ್ರಾರ್ಥನೆಯಲ್ಲಿ ನೂರಾರು ಮಕ್ಕಳೆದುರು ಆದ ಅವಮಾನ ಊರಿಗೆಲ್ಲ ಹಬ್ಬುತ್ತದೆ. ಅವನು ಮತ್ತೆ ಶಾಲೆಗೆ ಹೋಗುವ ಮೊದಲ ದಿನ ನೀವೂ ಜೊತೆಗೆ ಹೋಗಿ ಕ್ಲಾಸ್ ಟೀಚರ್ ಕೈಗೆ ಒಪ್ಪಿಸಿ ಬನ್ನಿ. ಎಲ್ಲರೆದುರು ಕ್ಷಮೆ ಕೇಳಿಸುತ್ತೇವೆ ಎಂದು ಶಾಲೆ ಹೇಳಬಹುದು. ಅದು ಬೇಕೋ ಬೇಡವೋ ಎಂದು ಮಗನನ್ನೇ ಕೇಳಿ. ಬಹಳ ಮಕ್ಕಳಿಗೆ ಮತ್ತೊಮ್ಮೆ ಎಲ್ಲರ ಕಣ್ಣಿಗೆ ಬೀಳುವುದೇ ಬೇಡವಾಗಿರುತ್ತದೆ.

ಪ್ರಶ್ನೆ: ಶಾಲೆಯವರು ಎರಡು ವರ್ಷದ ಹಿಂದಷ್ಟೇ ಬದಲಿಸಿದ್ದ ಸಮವಸ್ತ್ರವನ್ನು ಈ ಜೂನ್‌ನಲ್ಲಿ ಮತ್ತೆ ಬದಲಿಸಿದ್ದಾರೆ. ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕಂತೆ. ಹಳೆಯದರಲ್ಲಿ ಬಂದವರನ್ನು ಪ್ರತ್ಯೇಕ ಸಾಲಿನಲ್ಲಿ ನಿಲ್ಲಿಸುತ್ತಿದ್ದಾರೆ.
— ಒಬ್ಬ ತಂದೆ, ಮೈಸೂರು

ಉತ್ತರ: ಇದಕ್ಕೆ ನೇರ ನಿಯಮವೇ ಇದೆ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಮಾಡಿದ ಪಠ್ಯಕ್ರಮ ನಿಗದಿ ಮತ್ತಿತರ ವಿಷಯಗಳ ನಿಯಮಗಳಲ್ಲಿ 11ನೆಯದು ಹೇಳುವುದಿಷ್ಟು: ಮಾನ್ಯತೆ ಪಡೆದ ಸಂಸ್ಥೆ ತನ್ನ ಸಮವಸ್ತ್ರ ತಾನೇ ಗೊತ್ತುಮಾಡಬಹುದು, ಒಮ್ಮೆ ಗೊತ್ತುಮಾಡಿದರೆ ಮುಂದಿನ 5 ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಕನಿಷ್ಠ 1 ವರ್ಷ ಮೊದಲು ಪೋಷಕರಿಗೆ ತಿಳಿಸಬೇಕು, ಬಟ್ಟೆ ಎಲ್ಲಿ ಕೊಳ್ಳಬೇಕು, ಎಲ್ಲಿ ಹೊಲಿಸಬೇಕು ಎಂಬುದು ಪೋಷಕರ ಇಷ್ಟ. ನಿಮ್ಮ ಶಾಲೆ ಇದರಲ್ಲಿ ಎರಡನ್ನಂತೂ ಮುರಿದಿದೆ, ವರ್ಷ ಮೊದಲು ತಿಳಿಸಿರದಿದ್ದರೆ ಮೂರನ್ನು.

ಹಳೆಯ ಸಮವಸ್ತ್ರ ಜಾರಿಗೆ ಬಂದ ವರ್ಷದ ಸುತ್ತೋಲೆ ಅಥವಾ ರಸೀದಿ, ಹೊಸದರ ಸುತ್ತೋಲೆ, ಕೌಂಟರಿನ ಬಿಲ್ಲು, ಈ ಮೂರನ್ನು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಐದಾರು ಪೋಷಕರು ಒಟ್ಟಿಗೆ ಸಹಿ ಮಾಡಿದರೆ ಒಬ್ಬ ಮಗುವನ್ನು ಗುರಿ ಮಾಡುವುದು ಕಷ್ಟ. ಬೇರೆ ಸಾಲಿನ ವಿಷಯವನ್ನು ಅದೇ ಪತ್ರದಲ್ಲಿ ಇನ್ನೊಂದು ಪ್ಯಾರಾ ಮಾಡಿ. ಅದು ಸಮವಸ್ತ್ರದ ತಕರಾರಲ್ಲ, ಮಾನಸಿಕ ಹಿಂಸೆ. ಹೊರಗೆ ಹೊಲಿಸುವವರು ಬಟ್ಟೆಯ ಬಣ್ಣ ಮಾತ್ರ ಹಗಲು ಬೆಳಕಲ್ಲಿ ತಾಳೆ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ನೀಲಿ ಅಂಗಳದಲ್ಲಿ ಬೇರೆಯಾಗಿ ಕಾಣುತ್ತದೆ, ಬೈಗುಳ ಮಗುವಿಗೆ ಬೀಳುತ್ತದೆ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆ, ಹತ್ತನೇ ತರಗತಿ. ಕಪ್ಪು ಶೂ ಹಾಕಿಲ್ಲವೆಂದು ಮೊದಲ ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸುತ್ತಾರೆ. ಇಂಟರ್ನಲ್ ಮಾರ್ಕ್ಸ್ ಕಟ್ ಮಾಡುತ್ತೇವೆ ಎಂದೂ ಹೆದರಿಸುತ್ತಾರೆ.
— ಒಬ್ಬ ವಿದ್ಯಾರ್ಥಿ, ರಾಯಚೂರು ಜಿಲ್ಲೆ

ಉತ್ತರ: ಮಗೂ, ಅಂಕದ ಹೆದರಿಕೆ ಮೊದಲು ಬಿಡು. ಎಸ್‌ಎಸ್‌ಎಲ್‌ಸಿಯಲ್ಲಿ ಆಂತರಿಕ ಮೌಲ್ಯಮಾಪನದ ಅಂಕ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20. ಅವು ಕಿರುಪರೀಕ್ಷೆ ಮತ್ತು ಚಟುವಟಿಕೆಗೆ ಸಿಗುವಂಥವು. ಶೂಗೆ ಅದರಲ್ಲಿ ಅಂಕವಿಲ್ಲ, ಕಳೆಯುವ ಅಧಿಕಾರವೂ ಇಲ್ಲ. ನಿನ್ನ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು, ಪ್ರಾಜೆಕ್ಟ್ ಪುಸ್ತಕವನ್ನು ಜೋಪಾನವಾಗಿಡು.

ಹೊರಗೆ ನಿಲ್ಲಿಸಿದ ದಿನಗಳನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡು: ದಿನಾಂಕ, ಪೀರಿಯಡ್, ಯಾವ ಪಾಠ ತಪ್ಪಿತು. ಶಾಲೆಗೆ ಬಂದವನನ್ನು ಆ ಕಾರಣಕ್ಕೆ ಗೈರು ಎಂದು ಹಾಕಿದ್ದಾರಾ ಎಂದು ಕ್ಲಾಸ್ ಟೀಚರನ್ನು ಕೇಳಿ ತಿಳಿದುಕೋ. ಪರೀಕ್ಷೆಗೆ ಶೇ. 75 ಹಾಜರಿ ಬೇಕಾದ್ದರಿಂದ ಇದು ಸಣ್ಣ ವಿಷಯವಲ್ಲ. ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರ, ಶೂ, ಕಾಲುಚೀಲ ಉಚಿತವಾಗಿ ಕೊಡಬೇಕಾದವು. ಸರಬರಾಜು ತಡವಾಗಿದ್ದರೆ ಅಥವಾ ಅಳತೆ ಚಿಕ್ಕದಾಗಿದ್ದರೆ ಅದರ ಹೊಣೆ ನಿನ್ನದಲ್ಲ. ನಿಮ್ಮ ತಂದೆಯೋ ತಾಯಿಯೋ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಮುಖ್ಯ ಶಿಕ್ಷಕರಿಗೂ ಒಂದು ಪುಟದ ಪತ್ರ ಕೊಡಲಿ. ಅದರಲ್ಲಿ ನಿನ್ನ ಪಾದದ ಅಳತೆಯನ್ನೂ ಬರೆಯಲಿ. ಶೂ ಬದಲಿಸಿಕೊಡಲು ಶಾಲೆಗೆ ಬೇಕಾಗುವುದು ಅದೇ. ಮನೆಯವರಿಗೆ ಹೇಳಲು ಕಷ್ಟವಾದರೆ 1098ಕ್ಕೆ ನೀನೇ ಕರೆ ಮಾಡಬಹುದು, ದುಡ್ಡು ಬೀಳದು.

ಪ್ರಶ್ನೆ: ಮಗಳ ಕೈಗೆ ಮದುವೆಮನೆಯಲ್ಲಿ ಹಚ್ಚಿದ ಮದರಂಗಿ ಇತ್ತೆಂದು ಬೈದು ವಾಪಸ್ ಕಳಿಸಿದ್ದಾರೆ. ಮುಂದಿನ ತಿಂಗಳು ಮಗ ಅಯ್ಯಪ್ಪ ಮಾಲೆ ಹಾಕುತ್ತಾನೆ. ಅವನನ್ನೂ ಕಳಿಸಿಬಿಡುತ್ತಾರಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಮದರಂಗಿ ಒಂದೆರಡು ವಾರ ಹೋಗುವುದಿಲ್ಲ. ಅದಕ್ಕಾಗಿ ಮನೆಗೆ ಕಳಿಸಿದರೆ ಅಷ್ಟೂ ದಿನದ ಪಾಠ ಹೋಗುತ್ತದೆ. ಹಬ್ಬದ ದಿನಗಳಲ್ಲಿ ರಾಖಿ, ತಿಲಕ, ಮೆಹಂದಿಗಾಗಿ ಮಕ್ಕಳನ್ನು ಶಿಕ್ಷಿಸದಂತೆ ನೋಡಿಕೊಳ್ಳಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿತ್ತು. ಆ ಪತ್ರವನ್ನು ಉಲ್ಲೇಖಿಸಿ ಬರೆಯಿರಿ.

ಧಾರ್ಮಿಕ ಉಡುಪಿನ ಮಾತು ಇಷ್ಟು ಸುಲಭವಲ್ಲ. ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಸಮವಸ್ತ್ರ ನಿಗದಿ ಸಮಂಜಸವಾದ ನಿರ್ಬಂಧ ಎಂದಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪು ಕೊಟ್ಟರು. ಹೀಗಾಗಿ "ಇದು ನಮ್ಮ ಹಕ್ಕು, ಬಿಡಲೇಬೇಕು" ಎಂಬ ವಾದ ಹಿಡಿದು ಶಾಲೆಗೆ ಹೋಗುವುದಕ್ಕಿಂತ ಮುಂಚಿತವಾಗಿ ಪತ್ರ ಕೊಡುವುದು ಒಳ್ಳೆಯದು: ವ್ರತ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಸಮವಸ್ತ್ರದ ಮೇಲೆ ಏನಿರುತ್ತದೆ, ಶೂ ಹಾಕುವನೋ ಇಲ್ಲವೋ. ಸಮವಸ್ತ್ರ ತೊಟ್ಟು ಹೆಗಲಿಗೆ ಕಪ್ಪು ಶಾಲು, ಮಾಲೆ ಅಂಗಿಯೊಳಗೆ ಎಂಬ ಹೊಂದಾಣಿಕೆಗೆ ಹಲವು ಶಾಲೆಗಳು ಒಪ್ಪುತ್ತವೆ. ಹರಕೆಗೆ ಕೂದಲು ಬಿಟ್ಟ ಮಕ್ಕಳಿಗೂ ಇದೇ ದಾರಿ. ಮುಡಿ ಕೊಡುವ ದಿನಾಂಕ ಬರೆದುಕೊಡಿ.

ಒಂದು ಮಾತು ಎಲ್ಲ ಮತದವರಿಗೂ, ಎಲ್ಲ ಶಾಲೆಗೂ. ನಿಯಮ ಸರಿಯೋ ತಪ್ಪೋ ಎಂಬುದು ಬೇರೆ ಪ್ರಶ್ನೆ. ಮಗುವಿನ ಕೊರಳ ಮಾಲೆ, ಜನಿವಾರ, ತಾಯತ, ತಲೆಯ ಬಟ್ಟೆಗೆ ಶಿಕ್ಷಕರು ಕೈ ಹಾಕಿ ಎಳೆಯುವುದು ಯಾವ ನಿಯಮದಡಿಯೂ ಸಲ್ಲದು.

ಪ್ರಶ್ನೆ: ಮಗಳ ಚಿನ್ನದ ಓಲೆ ಬಿಚ್ಚಿಸಿ ಇಟ್ಟುಕೊಂಡರು. ಈಗ ಒಂದು ಓಲೆ ಕಾಣುತ್ತಿಲ್ಲ ಎನ್ನುತ್ತಾರೆ.

ಉತ್ತರ: ಆಟದಲ್ಲಿ ಕಿವಿ ಹರಿಯುತ್ತದೆ, ಕಳುವಾಗುತ್ತದೆ ಎಂಬ ಕಾರಣಕ್ಕೆ ಶಾಲೆ ಒಡವೆ ಬೇಡ ಎನ್ನಬಹುದು, ಅದು ಒಪ್ಪತಕ್ಕ ನಿಯಮ. ಇಟ್ಟುಕೊಂಡ ಕ್ಷಣದಿಂದ ಮಾತ್ರ ಅದರ ಹೊಣೆ ಶಾಲೆಯದು. ಲಕೋಟೆಯಲ್ಲಿ ಹಾಕಿ, ಮಗುವಿನ ಹೆಸರು, ವಸ್ತು, ದಿನಾಂಕ ಬರೆದು, ಅದೇ ಸಂಜೆ ಪೋಷಕರಿಗೆ ಸಹಿ ಪಡೆದು ಒಪ್ಪಿಸಬೇಕಿತ್ತು. ಆಭರಣ ಅಂಗಡಿಯ ಬಿಲ್ಲು ಇಟ್ಟು ಲಿಖಿತವಾಗಿ ಕೇಳಿ. ಹೊಸದಾಗಿ ಕಿವಿ ಚುಚ್ಚಿಸಿದ್ದರೆ ತೂತು ಮಾಗುವವರೆಗೆ, ಸುಮಾರು 6 ವಾರ, ಓಲೆ ತೆಗೆಸಬೇಡಿ ಎಂದು ಮೊದಲೇ ಚೀಟಿ ಕೊಡುವುದು ಲೇಸು. ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಹೇನಿದೆ ಎಂದು ಟೀಚರ್ ಮಗಳನ್ನು ಒಬ್ಬಳೇ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ. ತಲೆ ಬೋಳಿಸಿ ಎನ್ನುತ್ತಿದ್ದಾರೆ.

ಉತ್ತರ: ಬೋಳಿಸಬೇಕಿಲ್ಲ. ಶೇ. 1ರ ಪರ್ಮೆಥ್ರಿನ್ ಲೋಷನ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತಲೆ ತೊಳೆದು ಟವೆಲಿನಲ್ಲಿ ಒರೆಸಿ, ಬುಡದಿಂದ ತುದಿಯವರೆಗೆ ನೆನೆಯುವಂತೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ಸೀರಿಗೆ ಔಷಧಿ ಪೂರ್ತಿ ನಾಟುವುದಿಲ್ಲ, ಒಡೆದು ಮತ್ತೆ ಹೇನಾಗುತ್ತವೆ. ಹಾಗಾಗಿ ಒಂಬತ್ತನೇ ದಿನದ ಸುಮಾರಿಗೆ ಇನ್ನೊಮ್ಮೆ ಹಚ್ಚಲೇಬೇಕು. ಬಹಳ ಮಂದಿ ಇದನ್ನು ಬಿಟ್ಟು, ಔಷಧಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ನಡುವೆ ಒದ್ದೆ ಕೂದಲನ್ನು ಹೇನಿನ ಬಾಚಣಿಗೆಯಲ್ಲಿ ಎರಡು ದಿನಕ್ಕೊಮ್ಮೆ ಬಾಚಿ. ಮನೆಯವರೆಲ್ಲರ ತಲೆ ನೋಡಿ, ಇದ್ದವರಿಗೆಲ್ಲ ಅಂದೇ ಹಚ್ಚಿ. ಹೇನು ಹಾರುವುದಿಲ್ಲ, ಒಂದು ತಲೆ ಇನ್ನೊಂದಕ್ಕೆ ತಾಗಿದಾಗ ಹರಿದು ಹೋಗುತ್ತದೆ. ಜಡೆ ಬಿಗಿಯಾಗಿ ಹೆಣೆದರೆ ಸಾಕು, ಒಬ್ಬಳನ್ನೇ ಹಿಂದೆ ಕೂರಿಸುವ ಅಗತ್ಯವಿಲ್ಲ. ಟೀಚರಿಗೆ ಇದನ್ನು ಮೆಲ್ಲಗೆ ತಿಳಿಸಿ, ಇಡೀ ತರಗತಿಯ ಪೋಷಕರಿಗೆ ಹೆಸರಿಲ್ಲದ ಸೂಚನೆ ಕಳಿಸಲು ಕೇಳಿ. ಒಬ್ಬ ಮಗುವಿಗೆ ಇದ್ದರೆ ಪಕ್ಕದ ಇಬ್ಬರಿಗಾದರೂ ಇರುವ ಸಂಭವ ಹೆಚ್ಚು.

ಪ್ರಶ್ನೆ: ಒಂಬತ್ತನೇ ತರಗತಿ ಹುಡುಗಿ ನಾನು. ಒಬ್ಬ ಸರ್ ಸ್ಕರ್ಟ್ ಉದ್ದ ನೋಡುತ್ತೇನೆ ಎಂದು ಸ್ಕೇಲ್ ಹಿಡಿದು ಬರುತ್ತಾರೆ. ಮೈ ಬಗ್ಗೆಯೂ ಮಾತಾಡುತ್ತಾರೆ.

ಉತ್ತರ: ಇದು ಸಮವಸ್ತ್ರದ ವಿಷಯವೇ ಅಲ್ಲ. ಮೈಗೆ ಸಂಬಂಧಿಸಿದ ಅಂಥ ಮಾತು, ಮುಟ್ಟುವಿಕೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ 2012ರಡಿ ಅಪರಾಧ ಆಗಬಹುದು. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ. ಮನೆಯಲ್ಲಿ ಅಥವಾ ನೀನು ನಂಬುವ ಒಬ್ಬ ಟೀಚರಿಗೆ ಇವತ್ತೇ ಹೇಳು, ಇಲ್ಲವೇ 1098ಕ್ಕೆ ಕರೆ ಮಾಡು. ನೀನು ಹೇಳಿದ ಮೇಲೆ ಅವರು "ನೋಡೋಣ" ಎಂದು ಸುಮ್ಮನಿರುವಂತಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಆ ಕಾಯ್ದೆಯ 19ನೇ ಕಲಂ.

ಪ್ರಶ್ನೆ: ಪತ್ರಿಕೆಗಳೆಲ್ಲ ಪೋಷಕರ ಪರವೇ ಬರೆಯುತ್ತವೆ. ತಲೆಯ ಎರಡೂ ಬದಿ ಬೋಳಿಸಿ ಮೇಲೆ ಮಾತ್ರ ಉದ್ದ ಬಿಟ್ಟುಕೊಂಡು ಬರುವ ಮೂವತ್ತು ಹುಡುಗರ ಎದುರು ನಿಲ್ಲುವವರು ನಾವು. ಹೊಡೆಯಬಾರದು, ಹೊರಗೆ ಕಳಿಸಬಾರದು, ಬೈಯಬಾರದು. ಹಾಗಾದರೆ ನಮಗಿರುವ ಅಧಿಕಾರ ಏನು?
— ಒಬ್ಬ ಪ್ರೌಢಶಾಲಾ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಗುರುಗಳೇ, ನಿಮ್ಮ ಬೇಸರ ನ್ಯಾಯವಾದದ್ದು. ನಿಮ್ಮ ಕೈಯಲ್ಲಿ ಅಧಿಕಾರ ಇದೆ, ಆದರೆ ಅದು ಹೇಳುವ, ಬರೆಯುವ, ಕರೆಸುವ ಅಧಿಕಾರ. ಪ್ರತಿಯೊಂದು ಗದರಿಕೆಯೂ ಅಪರಾಧವಲ್ಲ. "ನಾಳೆ ಕೂದಲು ಕತ್ತರಿಸಿಕೊಂಡು ಬಾ" ಎಂದು ಗಟ್ಟಿಯಾಗಿ ಹೇಳಿದರೆ ಯಾರೂ ಕೇಸು ಹಾಕಲಾಗದು. ಅದೇ ಮಾತಿಗೆ ಜಾತಿ, ಅಪ್ಪನ ಕಸುಬು, ಮೈಬಣ್ಣ ಸೇರಿಸಿದರೆ ನೀವು ಗೆರೆ ದಾಟಿದಿರಿ.

ಹೆಚ್ಚಿನ ಜಗಳ ಹುಟ್ಟುವುದು ನಿಯಮ ಬರೆದ ರೀತಿಯಿಂದ. "ಶಿಸ್ತಿನ ಕೇಶವಿನ್ಯಾಸ" ಎಂದು ಬರೆದರೆ ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಅರ್ಥ. "ಕೂದಲು ಹುಬ್ಬಿಗೆ, ಕಿವಿಗೆ, ಅಂಗಿಯ ಕಾಲರಿಗೆ ತಾಗಬಾರದು" ಎಂದು ಬರೆಯಿರಿ. ಹುಡುಗ ಕನ್ನಡಿಯಲ್ಲೇ ನೋಡಿಕೊಳ್ಳಬಲ್ಲ. ಪ್ರತಿ ನಿಯಮದ ಪಕ್ಕ ಕಾರಣ ಬರೆಯಿರಿ: ಉಗುರು ಯಾಕೆ, ಪ್ರಯೋಗಾಲಯದಲ್ಲಿ ಜಡೆ ಯಾಕೆ ಕಟ್ಟಬೇಕು. ಕಾರಣ ಹೊಳೆಯದ ನಿಯಮವನ್ನು ತೆಗೆದುಬಿಡಿ. ಒಂದು ಪುಟ ಮೀರದಿರಲಿ. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಓದಿ, ಓದು ಬಾರದ ಪೋಷಕರಿಗೂ ತಲುಪಲಿ. ಸುತ್ತೋಲೆ ಇದೆ ಎಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದು ಎಂದುಕೊಳ್ಳಬಾರದು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಂತು ಹಾಡದಿದ್ದ ಮೂವರು ಮಕ್ಕಳನ್ನು ಹೊರಹಾಕಿದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾನೂನಿನ ಬಲವಿಲ್ಲದ ಇಲಾಖಾ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಮೊಟಕು ಮಾಡಲಾಗದು ಎಂದಿತು.

ನಿಯಮ ಮುರಿದವನನ್ನು ಪಕ್ಕಕ್ಕೆ ಕರೆದು ಮೊದಲು ಕಾರಣ ಕೇಳಿ. ಕೇಳಿದರೆ ಗೊತ್ತಾಗುತ್ತದೆ: ಮನೆಯಲ್ಲಿ ಸೂತಕ, ಹರಕೆ, ಅಪ್ಪ ಭಾನುವಾರವೇ ಮನೆಗೆ ಬರುವುದು, ಕೈಯಲ್ಲಿ ದುಡ್ಡಿಲ್ಲದಿರುವುದು. ಸೋಮವಾರ ಹೇಳಿ ಬುಧವಾರಕ್ಕೆ ಗಡುವು ಕೊಟ್ಟರೆ ನಡುವಿನ ಮಂಗಳವಾರ ನಮ್ಮ ಕಡೆ ಕ್ಷೌರದ ಅಂಗಡಿ ಮುಚ್ಚಿರುತ್ತದೆ. ಏಳು ದಿನ ಕೊಡಿ, ನಡುವೆ ಒಂದು ಭಾನುವಾರ ಇರಲಿ. ಸಮವಸ್ತ್ರವೂ ಹಾಗೆ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೆ ಎರಡು ದಿನ ಬೇರೆ ಬಟ್ಟೆಗೆ ಬಿಟ್ಟರೆ ಅರ್ಧ ತಕರಾರು ಇರುವುದಿಲ್ಲ.

ಗಡುವು ಮೀರಿದರೆ ಡೈರಿಯಲ್ಲಿ ಬರೆಯಿರಿ, ಆಮೇಲೆ ಪೋಷಕರಿಗೆ ಫೋನ್, ಆಮೇಲೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಭೇಟಿ. ಈ ಯಾವ ಹಂತದಲ್ಲೂ ಹುಡುಗ ತರಗತಿಯಲ್ಲೇ ಇರಬೇಕು, ಪಾಠ ತಪ್ಪಬಾರದು. ಅವನ ಫೋಟೊ ತೆಗೆದು ಪೋಷಕರ ಗುಂಪಿಗೆ ಹಾಕುವುದು, ಹೆಸರನ್ನು ಬೋರ್ಡಿನಲ್ಲಿ ಬರೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಮೊಣಕಾಲೂರಿಸುವುದು, ಇನ್ನೊಬ್ಬ ಹುಡುಗನ ಕೈಯಿಂದ ಕೂದಲು ಕತ್ತರಿಸುವುದು, ಇವುಗಳಲ್ಲಿ ಒಂದನ್ನು ಮಾಡಿದರೂ ನಿಯಮ ಮುರಿದವನು ಅವನು ಎಂಬುದು ಮರೆತುಹೋಗಿ ವಿಚಾರಣೆ ನಿಮ್ಮದಾಗುತ್ತದೆ.

ಇಷ್ಟಾದರೂ ಕೆಲವರು ಬದಲಾಗುವುದಿಲ್ಲ. ಆಗ ಸುತ್ತಲಿನವರನ್ನು ಸೇರಿಸಿಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕರು 2023ರಲ್ಲಿ ಊರಿನ ಕ್ಷೌರಿಕರಿಗೇ ಪತ್ರ ಬರೆದು, ನಮ್ಮ ಹುಡುಗರಿಗೆ ಈ ಬಗೆಯ ಕಟಿಂಗ್ ಮಾಡಬೇಡಿ ಎಂದು ಕೇಳಿಕೊಂಡಿದ್ದರು. ಕತ್ತರಿ ಯಾರ ಕೈಯಲ್ಲಿರಬೇಕೋ ಅವರ ಕೈಯಲ್ಲೇ ಉಳಿಯುವ ಆ ದಾರಿ ನಮಗೆ ಮೆಚ್ಚುಗೆಯಾದದ್ದು. ಇನ್ನೊಂದು, ನೂರಕ್ಕೆ ತೊಂಬತ್ತು ತೆಗೆಯುವ ಹುಡುಗನ ಕೂದಲನ್ನು ನೋಡಿಯೂ ನೋಡದಂತೆ ಹೋಗಬೇಡಿ. ಹುಡುಗರು ಇದನ್ನು ಲೆಕ್ಕ ಇಡುತ್ತಾರೆ, ನಿಯಮ ಅಲ್ಲಿಗೇ ಸತ್ತುಹೋಗುತ್ತದೆ.

ಒಂದು ವಹಿ ಇಡಿ: ದಿನಾಂಕ, ಏನು ಕಂಡಿತು, ಹುಡುಗ ಹೇಳಿದ ಕಾರಣ, ಯಾರಿಗೆ ತಿಳಿಸಿದೆ. "ಅಹಂಕಾರಿ", "ಪೋಲಿ" ಎಂಬ ಮಾತು ಅದರಲ್ಲಿ ಬೇಡ. ನಾಳೆ ನಿಮ್ಮ ಮೇಲೆ ಸುಳ್ಳು ದೂರು ಬಂದರೆ ಕಾಪಾಡುವುದು ಆ ವಹಿಯೇ.

ಪ್ರಶ್ನೆ: ದೂರು ಕೊಟ್ಟರೆ ಟಿ.ಸಿ. ಕೊಟ್ಟು ಕಳಿಸುತ್ತೇವೆ ಎನ್ನುತ್ತಾರೆ. ಮಗ ಆರನೇ ತರಗತಿ.
— ಒಬ್ಬ ತಂದೆ, ಬೆಂಗಳೂರು ಗ್ರಾಮಾಂತರ

ಉತ್ತರ: ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದಕ್ಕೇ ಹೊರಹಾಕುವ ಬದಲು "ನೀವೇ ಅರ್ಜಿ ಕೊಡಿ" ಎನ್ನುತ್ತಾರೆ. ಟಿ.ಸಿ. ಬೇಕೆಂಬ ಅರ್ಜಿಗಾಗಲಿ, ಖಾಲಿ ಹಾಳೆಗಾಗಲಿ, "ಸ್ವಇಚ್ಛೆಯಿಂದ" ಎಂಬ ಮಾತಿರುವ ಯಾವುದೇ ಕಾಗದಕ್ಕಾಗಲಿ ಸಹಿ ಹಾಕಬೇಡಿ. ಮಾತಿನಲ್ಲಿ ಹೆದರಿಸಿದ್ದನ್ನು ಅದೇ ದಿನ ಶಾಲೆಯ ಇಮೇಲ್‌ಗೆ ಬರೆದು ಹಾಕಿ: "ಇಂದು ಇಷ್ಟು ಗಂಟೆಗೆ ಹೀಗೆ ಹೇಳಿದಿರಿ, ನಾವು ಟಿ.ಸಿ. ಕೇಳಿಲ್ಲ." ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಪತ್ರದಲ್ಲಿ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಇರಲಿ, ಕಚೇರಿಯವರು ದಾಖಲೆ ತೆಗೆದು ನೋಡಲು ಅದು ಬೇಕು. ಅದೇ ಕಾಯ್ದೆಯ 32ನೇ ಕಲಂನಲ್ಲಿ ಕೊಟ್ಟ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಅಲ್ಲಿಯವರೆಗೆ ಮಗನನ್ನು ದಿನವೂ ಶಾಲೆಗೆ ಕಳಿಸುತ್ತಿರಿ, ಫೀ ರಸೀದಿಗಳನ್ನು ಒಂದು ಫೈಲಿನಲ್ಲಿಡಿ.